ಕಟ್ಟಿನಲ್ಲಿ ಅರಳುವ ಹೊಸ ನುಡಿ

ವಚನಾಭ್ಯಾಸದ ಗೋಷ್ಠಿಗಳಲ್ಲಿ ಒಂದು ದೃಶ್ಯವು ಮತ್ತೆ ಮತ್ತೆ ಕಾಣಬರುವುದುಂಟು. ತರುಣನೊಬ್ಬನು ಎದ್ದು ನಿಂತು ಹತ್ತಾರು ವಚನಗಳನ್ನು ಅಕ್ಷರ ತಪ್ಪದಂತೆ ಒಪ್ಪಿಸುತ್ತಾನೆ. ಸಭೆಯು ತಲೆದೂಗುತ್ತದೆ. ಆಗ ಹಿರಿಯರೊಬ್ಬರು, "ತಮ್ಮಾ, ಈಗ ಹೇಳಿದ ವಚನದ ಭಾವವನ್ನು ನಿನ್ನ ದಿನದ ಬಾಳಿನಿಂದ ಒಂದು ಹೋಲಿಕೆ ಕೊಟ್ಟು ತಿಳಿಸು" ಎನ್ನುತ್ತಾರೆ. ತರುಣನು ತಲೆ ತಗ್ಗಿಸುತ್ತಾನೆ. "ಏನೂ ಹೊಳೆಯುವುದಿಲ್ಲ, ಅಪ್ಪಾ" ಎಂಬುದೇ ಅವನ ಉತ್ತರವಾಗುತ್ತದೆ.

ಈ ಉತ್ತರವು ನೋಡಲು ಸಣ್ಣದು. ಅದರ ಹಿಂದಿರುವ ನಂಬಿಕೆ ಮಾತ್ರ ಸಣ್ಣದಲ್ಲ. ಹೊಸ ಭಾವವು ಹೊಳೆಯುವುದು ಕೆಲವೇ ಭಾಗ್ಯವಂತರಿಗೆ. ಉಳಿದವರ ಪಾಲಿಗೆ ಬಂದಿರುವುದು ಕೇಳುವುದು ಮತ್ತು ಒಪ್ಪಿಸುವುದು ಎಂಬುದೇ ಆ ನಂಬಿಕೆ. ಇದು ನಿಜವಾಗಿದ್ದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದಕ್ಕೆ ಅರ್ಥವೇ ಇಲ್ಲದಂತಾಗುತ್ತದೆ. ಅಲ್ಲಿ ನುಡಿದವರು ಆಸ್ಥಾನದ ಕವಿಗಳಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಿದೇವ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಸೀಳುವ ಮೇದರ ಕೇತಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಇವರೆಲ್ಲರೂ ತಮ್ಮದೇ ಆದ ನುಡಿಯನ್ನು ಹೊಮ್ಮಿಸಿದರು. ಅಷ್ಟು ಜನರಿಗೆ, ಅಷ್ಟು ಬಗೆಯ ಬಾಳುಗಳಲ್ಲಿ ಹೊಸ ನುಡಿ ಹುಟ್ಟಿತೆಂದರೆ ಅದಕ್ಕೆ ಒಂದು ದಾರಿ ಇರಲೇಬೇಕು. ಆ ದಾರಿ ಯಾವುದೆಂಬುದನ್ನು ವಿಚಾರಮಾಡುವುದೇ ಈ ಪಾಠದ ಉದ್ದೇಶ.

೧. ಹೊಳಹು ಮತ್ತು ದುಡಿಮೆ

ಕಾವ್ಯವು ಯಾವುದರಿಂದ ಹುಟ್ಟುತ್ತದೆಂಬ ಪ್ರಶ್ನೆಯನ್ನು ಕಾಶ್ಮೀರದ ಆಲಂಕಾರಿಕರು ಆಳವಾಗಿ ಚರ್ಚಿಸಿದರು. ಹನ್ನೊಂದನೆಯ ಶತಮಾನದ ಮಮ್ಮಟನು ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಅರಿತುದರಿಂದ ಬರುವ ನೈಪುಣ್ಯ, ಬಲ್ಲವರ ಬಳಿ ಮಾಡಿದ ಅಭ್ಯಾಸ, ಈ ಮೂರೂ ಕೂಡಿ ಒಂದೇ ಕಾರಣವಾಗುತ್ತವೆಂದು ನಿರ್ಣಯಿಸಿದನು. ಮೂರರಲ್ಲಿ ಒಂದು ಮಾತ್ರ ಮನುಷ್ಯನ ಕೈಯಲ್ಲಿಲ್ಲ. ಉಳಿದೆರಡು ಅವನ ದುಡಿಮೆಗೆ ಸೇರಿದುವು.

ಅವನಿಗಿಂತ ಹಿಂದಿನ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿಯನ್ನೇ ಗೊತ್ತುಮಾಡಿದ್ದಾನೆ. ಬೆಳಗಿನ ಜಾವದಲ್ಲಿ ವಿದ್ಯೆಗಳ ಅಭ್ಯಾಸ, ಅನಂತರ ರಚನೆ, ಊಟವಾದ ಮೇಲೆ ಗೋಷ್ಠಿ, ಕಡೆಯ ಜಾವದಲ್ಲಿ ಬೆಳಿಗ್ಗೆ ರಚಿಸಿದುದರ ಪರೀಕ್ಷೆ. ಬರೆಯುವಾಗಿನ ಹುರುಪಿನಲ್ಲಿ ದೋಷವು ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಬರೆಯುವ ಹೊತ್ತೂ ತಿದ್ದುವ ಹೊತ್ತೂ ಬೇರೆಯಾಗಿರಬೇಕೆಂಬುದು ಇದರ ತಾತ್ಪರ್ಯ.

ಇದಕ್ಕೆ ಸಮೀಪವಾದ ಮಾತನ್ನು ಇಂಗ್ಲೆಂಡಿನ ಗ್ರಹಾಂ ವಾಲಸ್ ಎಂಬ ವಿದ್ವಾಂಸನು ೧೯೨೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದನು. ಹೊಸ ವಿಚಾರವು ನಾಲ್ಕು ಅವಸ್ಥೆಗಳನ್ನು ದಾಟಿ ಬರುತ್ತದೆ: ಸಿದ್ಧತೆ, ಒಳಗೇ ಕಾವು ಕೂರುವುದು, ಥಟ್ಟನೆ ಹೊಳೆಯುವುದು, ಹೊಳೆದುದನ್ನು ಒರೆಹಚ್ಚುವುದು. ಜನರು ಮೂರನೆಯ ಅವಸ್ಥೆಯನ್ನು ಮಾತ್ರ ಕಂಡು ಬೆರಗಾಗುತ್ತಾರೆ. ಮೊಟ್ಟೆಯೊಡೆದು ಮರಿ ಹೊರಬಂದುದನ್ನು ಕಂಡವರು ಕೋಳಿಯು ಕಾವು ಕೊಟ್ಟ ದಿನಗಳನ್ನು ಎಣಿಸುವುದಿಲ್ಲ.

ಹಾಗಾದರೆ ಹೊಳಹು ಬರುವಂತೆ ಮನಸ್ಸನ್ನು ಹೂಡುವುದು ಹೇಗೆ? ಮನಸ್ಸಿನ ಕಟ್ಟುಗಳನ್ನೆಲ್ಲ ಬಿಚ್ಚಿ ಸ್ವಚ್ಛಂದವಾಗಿ ಬಿಟ್ಟರೆ ಹೊಸ ಭಾವವು ತಾನಾಗಿ ಬರುವುದೆಂದು ಹಲವರು ಭಾವಿಸುತ್ತಾರೆ. ಕನ್ನಡನಾಡಿನ ಒಂದು ಕಲೆಯು ಇದಕ್ಕೆ ನೇರ ವಿರುದ್ಧವಾದುದನ್ನು ತೋರಿಸಿಕೊಟ್ಟಿದೆ. ಅದೇ ಅವಧಾನ.

೨. ಜಯನಗರದ ಮೂರು ದಿನಗಳು

೨೦೧೨ನೆಯ ಇಸವಿ ನವೆಂಬರ್ ೩೦ರಿಂದ ಡಿಸೆಂಬರ್ ೨ರವರೆಗೆ ಬೆಂಗಳೂರಿನ ಜಯನಗರದಲ್ಲಿ ಶತಾವಧಾನವೊಂದು ನಡೆಯಿತು. ಅವಧಾನಿಗಳು ಡಾ. ಆರ್. ಗಣೇಶ್. ಪೂರ್ಣವಾಗಿ ಕನ್ನಡದಲ್ಲಿಯೇ ನಡೆದ ಮೊದಲ ಶತಾವಧಾನವೆಂದು ಅದು ಪ್ರಸಿದ್ಧವಾಗಿದೆ. ೧೯೬೨ರಲ್ಲಿ ಕೋಲಾರದಲ್ಲಿ ಹುಟ್ಟಿದ ಇವರು ಓದಿದುದು ಎಂಜಿನಿಯರಿಂಗ್. ಮುಂದೆ ಕನ್ನಡದ ಅವಧಾನಕಲೆಯನ್ನು ಕುರಿತ ಮಹಾಪ್ರಬಂಧಕ್ಕಾಗಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪದವಿಯನ್ನು ಪಡೆದರು. ತೆಲುಗು ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಿರುಪತಿ ವೆಂಕಟ ಕವಿಗಳೆಂಬ ಜೋಡಿಯು ಊರೂರಿನಲ್ಲಿ ನಡೆಸಿ ಜನಪ್ರಿಯಗೊಳಿಸಿದ ಈ ಕಲೆಯು ಇವರಿಂದ ಕನ್ನಡದಲ್ಲಿ ಮತ್ತೆ ತಲೆಯೆತ್ತಿ ನಿಂತಿತು.

ಅಷ್ಟಾವಧಾನದಲ್ಲಿ ಎಂಟು ಮಂದಿ, ಶತಾವಧಾನದಲ್ಲಿ ನೂರು ಮಂದಿ ಪ್ರಶ್ನೆ ಕೇಳುವವರಿರುತ್ತಾರೆ; ಅವರಿಗೆ ಪೃಚ್ಛಕರೆಂದು ಹೆಸರು. ಅವಧಾನಿಯ ಮುಂದೆ ಕಾಗದವಿಲ್ಲ, ಲೇಖನಿಯಿಲ್ಲ. ಒಬ್ಬ ಪೃಚ್ಛಕನ ಪದ್ಯದ ಒಂದು ಸಾಲನ್ನು ಹೇಳಿ ಮುಂದಿನವನ ಬಳಿಗೆ ಹೋಗಬೇಕು. ಅವನಿಗೊಂದು ಸಾಲು, ಅವನ ಮುಂದಿನವನಿಗೊಂದು ಸಾಲು. ಸುತ್ತು ಮುಗಿದ ಮೇಲೆ ಮತ್ತೆ ಮೊದಲನೆಯವನಿಗೆ ಎರಡನೆಯ ಸಾಲು. ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದಲೇ ಇಡಿಯಾಗಿ ಹೇಳಬೇಕು. ಇದಕ್ಕೆ ಧಾರಣವೆಂದು ಹೆಸರು. ನೋಡುವವರಿಗೆ ಇದು ನೆನಪಿನ ಪವಾಡವೆಂದು ತೋರುತ್ತದೆ. ಆದರೆ ಹೊಸ ಭಾವವು ಹುಟ್ಟುವ ಬಗೆಯನ್ನು ಅರಿಯಬಯಸುವವನು ನೆನಪಿಗಿಂತ ಪ್ರಶ್ನೆಗಳ ರೂಪವನ್ನು ಗಮನಿಸಬೇಕು. ಏಕೆಂದರೆ ಅಲ್ಲಿಯ ಪ್ರತಿಯೊಂದು ಪ್ರಶ್ನೆಯೂ ಒಂದೊಂದು ಬಗೆಯ ಕಟ್ಟು.

೩. ಕಟ್ಟುಗಳು ಮಾಡುವ ಕೆಲಸ

ಮೊದಲನೆಯದು ನಿಷೇಧಾಕ್ಷರಿ. ಅವಧಾನಿಯು ಒಂದು ಅಕ್ಷರವನ್ನು ನುಡಿದೊಡನೆ ಮುಂದೆ ಬರಬಹುದಾದ ಅಕ್ಷರವನ್ನು ಪೃಚ್ಛಕನು ಊಹಿಸಿ ಅದನ್ನು ನಿಷೇಧಿಸುತ್ತಾನೆ. ಎಲ್ಲರೂ ನಡೆಯುವ ದಾರಿಗೆ ಬೇಲಿ ಬಿದ್ದ ಮೇಲೆ ಅವಧಾನಿಯು ಬೇರೆ ದಾರಿಯನ್ನೇ ಹುಡುಕಬೇಕು. ಮನುಷ್ಯನ ಮನಸ್ಸಿಗೆ ಮೊದಲು ಬರುವ ಮಾತು ಸಾಮಾನ್ಯವಾಗಿ ಸವೆದ ಮಾತು; ಹತ್ತಾರು ಜನ ಆಡಿ ಬಿಟ್ಟುದು. ಅದನ್ನು ತಡೆದರೆ ಎರಡನೆಯದು ಬರುತ್ತದೆ, ಅದನ್ನೂ ತಡೆದರೆ ಮೂರನೆಯದು. ಹೊಸತು ಇರುವುದು ಬಹುಮಟ್ಟಿಗೆ ಆ ಮೂರನೆಯದರ ಆಚೆಗೆ.

ಈ ಉಪಾಯವು ಹಳೆಯದು. ದಂಡಿಯ 'ದಶಕುಮಾರಚರಿತ'ದಲ್ಲಿ ತುಟಿಗೆ ಗಾಯವಾದ ಮಂತ್ರಗುಪ್ತನು ಪ, ಬ, ಮ ಮುಂತಾದ ಓಷ್ಠ್ಯಾಕ್ಷರಗಳೇ ಇಲ್ಲದಂತೆ ತನ್ನ ಕಥೆಯನ್ನು ಪೂರ್ತಿ ಹೇಳುತ್ತಾನೆ. ಫ್ರಾನ್ಸಿನಲ್ಲಿ ೧೯೬೦ರಲ್ಲಿ ಲೇಖಕರೂ ಗಣಿತಜ್ಞರೂ ಸೇರಿ ಔಲಿಪೊ ಎಂಬ ಕೂಟವನ್ನು ಕಟ್ಟಿ, ಬೇಕೆಂದೇ ನಿಯಮಗಳನ್ನು ಹಾಕಿಕೊಂಡು ಬರೆಯತೊಡಗಿದರು. ಆ ಕೂಟದ ಜಾರ್ಜ್ ಪೆರೆಕ್ ೧೯೬೯ರಲ್ಲಿ ಫ್ರೆಂಚ್ ಭಾಷೆಯಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ 'ಇ' ಸ್ವರದ ಲಿಪಿಯನ್ನೇ ಬಿಟ್ಟು ಇಡಿಯ ಕಾದಂಬರಿಯೊಂದನ್ನು ಬರೆದನು. ಕಾಲ ದೇಶಗಳು ಬೇರೆಯಾದರೂ ಉಪಾಯವು ಒಂದೇ.

ಎರಡನೆಯದು ಸಮಸ್ಯಾಪೂರಣ. ಪೃಚ್ಛಕನು ಪದ್ಯದ ಕೊನೆಯ ಸಾಲನ್ನು ಮಾತ್ರ ಕೊಡುತ್ತಾನೆ. ಅದು ಅಸಂಗತವಾಗಿಯೋ ಅನುಚಿತವಾಗಿಯೋ ತೋರುತ್ತಿರುತ್ತದೆ. ಅದು ಸಂಗತವಾಗುವಂತೆ ಉಳಿದ ಮೂರು ಸಾಲುಗಳನ್ನು ಅವಧಾನಿಯು ಕಟ್ಟಬೇಕು. ಅಭ್ಯಾಸಕ್ಕಾಗಿ ಗದ್ಯದಲ್ಲಿಯೇ ಒಂದು ಸಮಸ್ಯೆಯನ್ನು ಇಟ್ಟುಕೊಳ್ಳೋಣ: 'ಬತ್ತಿದ ಕೆರೆಯಲ್ಲಿ ಊರು ಮುಳುಗಿತು'. ನೀರಿಲ್ಲದಲ್ಲಿ ಮುಳುಗುವುದೆಂತು? ಇಲ್ಲಿ ಒಂದೊಂದೇ ಪದವನ್ನು ಹಿಡಿದು ಅಲುಗಿಸಿ ನೋಡಬೇಕು. 'ಮುಳುಗಿತು' ಎಂಬುದನ್ನು ಅಲುಗಿಸಿದರೆ, ಬೇಸಿಗೆಯ ಕೆರೆಯಂಗಳದಲ್ಲಿ ಜಾತ್ರೆ ನೆರೆದು ಊರು ಸಂತೋಷದಲ್ಲಿ ಮುಳುಗಿತೆಂದಾಗುತ್ತದೆ. 'ಬತ್ತಿದ' ಎಂಬುದನ್ನು ಅಲುಗಿಸಿದರೆ, ಕೆರೆಯು ಬತ್ತಿದುದು ಎಂದೋ, ಮುಳುಗಿದುದು ಇಂದು ಎಂಬ ಕಾಲಭೇದವು ಹೊಳೆಯುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಕೆರೆಯಂಗಳದಲ್ಲಿ ಮನೆಗಳೆದ್ದ ಮೇಲೆ ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ಬತ್ತಿದ ಕೆರೆಯಲ್ಲಿ ಊರು ಮುಳುಗುತ್ತದೆ. ಆಟವಾಗಿ ಆರಂಭವಾದುದು ಇಲ್ಲಿ ಅರಿವಾಗಿ ಮುಗಿಯಿತು. ಒಗಟಿನಂತಹ ವಾಕ್ಯವೊಂದು ಇಲ್ಲದಿದ್ದರೆ ಈ ವಿಚಾರವು ಮನಸ್ಸಿಗೆ ಬರುತ್ತಿತ್ತೋ ಇಲ್ಲವೋ.

ಮೂರನೆಯದು ದತ್ತಪದಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು, ಸಾಲಿಗೊಂದರಂತೆ ಅವುಗಳನ್ನು ಸೇರಿಸಿ ಹೇಳಿದ ವಿಷಯವನ್ನು ವರ್ಣಿಸಬೇಕೆಂದು ಪೃಚ್ಛಕನು ಕೇಳುತ್ತಾನೆ. ಇದನ್ನೂ ಗದ್ಯದಲ್ಲಿ ಪ್ರಯತ್ನಿಸಬಹುದು. ಪದಗಳು ಬಸ್ಸು, ಕನ್ನಡಿ, ಉಪ್ಪು, ಕೊಡೆ, ವಿಷಯ ದಾಸೋಹ. ಬಸ್ಸಿನಲ್ಲಿ ಮುದುಕರಿಗೆ ಎದ್ದು ಜಾಗ ಕೊಟ್ಟವನು ಆಮೇಲೆ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಂಡು ಹಿಗ್ಗಬಾರದು. ಸಾರಿನಲ್ಲಿ ಉಪ್ಪು ಕರಗಿ ಕಾಣದಾಗುವಂತೆ ಕೊಡುವವನು ಕೊಟ್ಟುದರಲ್ಲಿ ಕಾಣದಾಗಬೇಕು. ಕೊಡೆ ಹಿಡಿದವನ ಹೆಗಲು ನೆನೆದರೂ ಜೊತೆಯವನ ತಲೆ ನೆನೆಯಬಾರದು. ದಾಸೋಹವನ್ನು ಕುರಿತು ಬರೆ ಎಂದಷ್ಟೇ ಹೇಳಿದ್ದರೆ ಲೇಖನಿಯು ಕೇಳಿದ ಮಾತುಗಳನ್ನೇ ಮತ್ತೆ ಬರೆಯುತ್ತಿತ್ತು. ದೂರದ ಪದಗಳು ಬಂದು ಕುಳಿತುದರಿಂದ ಮನಸ್ಸು ಸೇತುವೆ ಕಟ್ಟಬೇಕಾಯಿತು. ದೂರದ ಎರಡು ವಸ್ತುಗಳ ನಡುವೆ ಕಾಣದಿದ್ದ ಸಂಬಂಧವನ್ನು ಕಾಣುವುದೇ ಹೊಸ ಭಾವವೆನ್ನಿಸಿಕೊಳ್ಳುತ್ತದೆ.

ನಾಲ್ಕನೆಯದು ಅಪ್ರಸ್ತುತ ಪ್ರಸಂಗ. ಅವಧಾನಿಯು ಪದ್ಯ ಕಟ್ಟುತ್ತಿರುವಾಗ ನಡುವೆ ಬಾಯಿಹಾಕಿ, ನಗೆಯ ಪ್ರಶ್ನೆಗಳನ್ನು ಕೇಳಿ ಅವನ ಏಕಾಗ್ರತೆಯನ್ನು ಕೆಡಿಸುವುದೇ ಈ ಪೃಚ್ಛಕನ ಕೆಲಸ. ಅವಧಾನಿಯು ಕೋಪಗೊಳ್ಳದೆ ಸರಸವಾಗಿ ಉತ್ತರಿಸಿ, ಬಿಟ್ಟ ಸಾಲನ್ನು ಮತ್ತೆ ಹಿಡಿಯಬೇಕು. ಮನೆಯಲ್ಲಿ ಗದ್ದಲ, ಬೀದಿಯಲ್ಲಿ ಗದ್ದಲ, ವಿಚಾರಮಾಡಲು ಶಾಂತಿಯೆಲ್ಲಿ ಎಂದು ದೂರುವವರಿಗೆ ಇದೊಂದು ಪಾಠ. ಗದ್ದಲವು ನಿಲ್ಲಲೆಂದು ಕಾಯುವವನು ಜೀವಮಾನವೆಲ್ಲ ಕಾಯುತ್ತಾನೆ. ಗದ್ದಲದ ನಡುವೆಯೇ ಎಳೆಯನ್ನು ಬಿಡದಿರುವುದು ಸಾಧನೆಯಿಂದ ಬರುತ್ತದೆ.

೪. ಶರಣರು ಹಾಕಿಕೊಂಡ ಕಟ್ಟು

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಅವಧಾನಿಯು ಛಂದಸ್ಸಿನ ಕಟ್ಟಿನಲ್ಲಿ ನುಡಿಯುವವನು. ಶರಣರಾದರೋ ಛಂದಸ್ಸನ್ನೂ ಆಸ್ಥಾನದ ಭಾಷೆಯನ್ನೂ ಬಿಟ್ಟು ಆಡುಮಾತಿನಲ್ಲಿ ನುಡಿದವರು. ಹಾಗಿದ್ದ ಮೇಲೆ ಅವರ ಹೊಸತನವು ಕಟ್ಟಿನಿಂದ ಬಂದುದಲ್ಲ, ಕಟ್ಟನ್ನು ಹರಿದುದರಿಂದ ಬಂದುದಲ್ಲವೆ?

ಕೂಲಂಕಷವಾಗಿ ನೋಡಿದರೆ ಶರಣರು ಒಂದು ಕಟ್ಟನ್ನು ಬಿಟ್ಟು ಅದಕ್ಕಿಂತ ಬಿಗಿಯಾದ ಮೂರು ಕಟ್ಟುಗಳನ್ನು ಹಾಕಿಕೊಂಡರೆಂಬುದು ತಿಳಿಯುತ್ತದೆ. ಒಂದನೆಯದು ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಏನನ್ನು ನುಡಿದರೂ ಆ ಒಂದು ಹೆಸರಿನ ಮುಂದೆ ತಂದು ನಿಲ್ಲಿಸಬೇಕು. ಆ ಸನ್ನಿಧಿಯಲ್ಲಿ ಸಲ್ಲದ ಮಾತು ಅಲ್ಲಿಯವರೆಗೆ ಬರಲಾರದು. ಸಮಸ್ಯಾಪೂರಣದಲ್ಲಿ ಕೊನೆಯ ಸಾಲು ಮೊದಲೇ ಗೊತ್ತಿರುವಂತೆ ಶರಣನ ವಚನಕ್ಕೂ ಮುಟ್ಟಬೇಕಾದ ನೆಲೆಯು ಮೊದಲೇ ಗೊತ್ತಿರುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಪ್ರತಿಸಲವೂ ಹೊಸದಾಗಿ ಕಂಡುಕೊಳ್ಳಬೇಕು.

ಎರಡನೆಯದು ಕಾಯಕ. ಶರಣನು ಉಪಮಾನಗಳಿಗಾಗಿ ಕೋಶಗಳನ್ನು ತೆರೆಯಲಿಲ್ಲ. ಅಂಬಿಗನಿಗೆ ಹೊಳೆ ಮತ್ತು ಹರಿಗೋಲು, ನೇಕಾರನಿಗೆ ಮಗ್ಗ ಮತ್ತು ನೂಲು, ಮಡಿವಾಳನಿಗೆ ಬಟ್ಟೆ ಮತ್ತು ಕೊಳೆ ಕೈಗೆ ಸಿಕ್ಕಿದುವು. ನಿತ್ಯವೂ ಮುಟ್ಟುವ ವಸ್ತುವಿನ ಸ್ವಭಾವವನ್ನು ಬಲ್ಲವನಂತೆ ಬೇರೊಬ್ಬನು ಬಲ್ಲನೆ? ಮಮ್ಮಟನು ಹೇಳಿದ ಲೋಕಪರಿಚಯದ ನೈಪುಣ್ಯವು ಶರಣನಿಗೆ ಕಾಯಕದಿಂದಲೇ ದೊರಕಿತು. ಆದುದರಿಂದಲೇ ಒಬ್ಬರ ನುಡಿಯಂತೆ ಮತ್ತೊಬ್ಬರ ನುಡಿಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಬಿಗಿಯಾದುದು. ನುಡಿದುದನ್ನು ನಡೆಯಲ್ಲಿ ತೋರಬೇಕೆಂಬ ಕಟ್ಟು. ಅವಧಾನಿಯ ಪದ್ಯವನ್ನು ವ್ಯಾಕರಣವೂ ಛಂದಸ್ಸೂ ಪರೀಕ್ಷಿಸುತ್ತವೆ. ಶರಣನ ವಚನವನ್ನು ಅವನ ದಿನಚರಿಯು ಪರೀಕ್ಷಿಸುತ್ತದೆ. ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಲ್ಲದೆ ಹಿಂದಕ್ಕೆ ಕಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಅಂತಹ ಮನೆಯಲ್ಲಿ ಹುಟ್ಟಿದ ಮಾತಿಗೆ ಪೊಳ್ಳಾಗಲು ಅವಕಾಶವೇ ಇರಲಿಲ್ಲ.

ಅಲ್ಲಮಪ್ರಭು ಮೊದಲಾದವರ ಬೆಡಗಿನ ವಚನಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಲೋಕದಲ್ಲಿ ಕೂಡದುದನ್ನು ಕೂಡಿಸಿ ಹೇಳಿ, ಕೇಳುವವನ ರೂಢಿಯ ಬುದ್ಧಿಗೆ ತಡೆಯೊಡ್ಡಿ, ಅವನೇ ಅರ್ಥವನ್ನು ಹುಡುಕುವಂತೆ ಮಾಡುವುದು ಅವುಗಳ ರೀತಿ. ಇಲ್ಲಿ ಕೇಳುವವನೂ ಸೃಷ್ಟಿಯಲ್ಲಿ ಪಾಲುಗಾರನಾಗುತ್ತಾನೆ.

೫. ಏಕಾಂತ ಮತ್ತು ಗೋಷ್ಠಿ

ಹೊಸ ಭಾವವು ಒಂಟಿಯಾಗಿ ಕುಳಿತಾಗ ಹುಟ್ಟುವುದೋ, ಹಲವರು ಸೇರಿದಾಗ ಹುಟ್ಟುವುದೋ? ಅಮೆರಿಕದ ಅಲೆಕ್ಸ್ ಆಸ್ಬರ್ನ್ ಎಂಬ ಜಾಹೀರಾತು ಸಂಸ್ಥೆಯ ಮುಖ್ಯಸ್ಥನು ೧೯೫೩ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಾಮೂಹಿಕ ಚಿಂತನೆಯ ಕ್ರಮವೊಂದನ್ನು ವಿವರಿಸಿದನು. ಹಲವರು ಒಟ್ಟಿಗೆ ಕುಳಿತು ತೋಚಿದುದನ್ನೆಲ್ಲ ಹೇಳಬೇಕು, ಆ ಹೊತ್ತಿನಲ್ಲಿ ಯಾರೂ ಯಾರ ಮಾತನ್ನೂ ಖಂಡಿಸಬಾರದು, ಒಬ್ಬರ ಮಾತಿನ ಮೇಲೆ ಮತ್ತೊಬ್ಬರು ಕಟ್ಟಬೇಕು, ತೀರ್ಮಾನವು ಆಮೇಲೆ. ಈ ಕ್ರಮವು ಬಹುಬೇಗ ಲೋಕಪ್ರಿಯವಾಯಿತು. ಆದರೆ ೧೯೫೮ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಟೇಲರ್ ಮತ್ತು ಅವನ ಸಹೋದ್ಯೋಗಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಒಟ್ಟಿಗೆ ಕುಳಿತ ನಾಲ್ವರು ಕೊಟ್ಟ ವಿಚಾರಗಳಿಗಿಂತ, ಬೇರೆಬೇರೆಯಾಗಿ ಕುಳಿತು ಯೋಚಿಸಿದ ನಾಲ್ವರ ವಿಚಾರಗಳನ್ನು ಕೂಡಿಸಿದಾಗ ಬಂದುವು ಸಂಖ್ಯೆಯಲ್ಲಿ ಹೆಚ್ಚಾಗಿದ್ದುವು. ಅನಂತರದ ಪರೀಕ್ಷೆಗಳೂ ಬಹುಮಟ್ಟಿಗೆ ಇದನ್ನೇ ಸಮರ್ಥಿಸಿದುವು. ಸಭೆಯಲ್ಲಿ ಒಬ್ಬನು ಮಾತಾಡುವಾಗ ಉಳಿದವರು ಕಾಯಬೇಕು; ಕಾಯುವಾಗ ತಮಗೆ ಹೊಳೆದುದು ಮರೆತುಹೋಗುತ್ತದೆ; ನಕ್ಕಾರೆಂಬ ಸಂಕೋಚವೂ ಬಾಯಿ ಕಟ್ಟುತ್ತದೆ.

ಹಾಗೆಂದು ಗೋಷ್ಠಿಯು ವ್ಯರ್ಥವೆಂದಲ್ಲ. ಅದರ ಸ್ಥಾನವು ಬೇರೆ. ಹುಟ್ಟುವುದು ಏಕಾಂತದಲ್ಲಿ; ಬೆಳೆಯುವುದು, ಬಲಿಯುವುದು ಗೋಷ್ಠಿಯಲ್ಲಿ. ರಾಜಶೇಖರನ ದಿನಚರಿಯಲ್ಲಿ ರಚನೆಯು ಮೊದಲು, ಗೋಷ್ಠಿಯು ಅನಂತರ ಬಂದುದನ್ನು ಇಲ್ಲಿ ನೆನೆಯಬಹುದು. ಶರಣರು ಕಾಯಕದ ಏಕಾಂತದಲ್ಲಿ ಕಂಡುದನ್ನು ಅನುಭವಮಂಟಪದ ಮುಂದಿಟ್ಟರೆಂಬುದು ಪರಂಪರೆಯು ಕೊಡುವ ಚಿತ್ರ. ಅಲ್ಲಿ ಪ್ರಶ್ನೆಗಳು ಮೃದುವಾಗಿರಲಿಲ್ಲ. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ ಬಗೆಯನ್ನು 'ಶೂನ್ಯಸಂಪಾದನೆ'ಯಲ್ಲಿ ಕಾಣಬಹುದು.

ಆ ಗ್ರಂಥವೇ ಸೃಷ್ಟಿಯ ಮತ್ತೊಂದು ಉಪಾಯಕ್ಕೆ ನಿದರ್ಶನವಾಗಿದೆ. ಶಿವಗಣಪ್ರಸಾದಿ ಮಹಾದೇವಯ್ಯನು ಹಲವು ಶರಣರ ವಚನಗಳನ್ನು ಆಯ್ದು, ಅವು ಪ್ರಶ್ನೋತ್ತರಗಳಾಗುವಂತೆ ಜೋಡಿಸಿ, ಮಹಾಸಂವಾದವೊಂದನ್ನು ಕಟ್ಟಿದನು. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನೇ ಮತ್ತೆ ಮತ್ತೆ ಪರಿಷ್ಕರಿಸಿದರು. ವಚನಗಳು ಹಳೆಯವು, ಅವುಗಳ ನಡುವಣ ಸಂಬಂಧವು ಹೊಸದು. ಇದ್ದುದನ್ನೇ ಹೊಸ ನೆರೆಹೊರೆಯಲ್ಲಿ ನಿಲ್ಲಿಸಿದಾಗ ಅದು ಹಿಂದೆ ಆಡದಿದ್ದ ಮಾತನ್ನು ಆಡುತ್ತದೆ.

೬. ಅಭ್ಯಾಸಕ್ರಮ

ಮೇಲಿನ ವಿಚಾರದಿಂದ ಮನೆಯಲ್ಲಿಯೂ ಗೋಷ್ಠಿಯಲ್ಲಿಯೂ ನಡೆಸಬಹುದಾದ ಅಭ್ಯಾಸವೊಂದು ಸಿದ್ಧವಾಗುತ್ತದೆ. ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಹಳ್ಳಿಯ ಜಗಲಿಯ ಮೇಲಾಗಲಿ ನಾಲ್ವರು ಸೇರಿದರೆ ಸಾಕು.

ಮೊದಲು ಒಂದು ವಿಷಯವನ್ನು ಆರಿಸಿ ಅದಕ್ಕೆ ಅಂಟಿಕೊಂಡ ಸವೆದ ಪದಗಳನ್ನು ನಿಷೇಧಿಸಬೇಕು. ವಿಷಯವು ಗುರುವಾದರೆ ಬೆಳಕು, ದೀಪ, ಕತ್ತಲೆ, ದಾರಿ ಎಂಬ ಪದಗಳು ಕೂಡದು. ಆಗ ಒಬ್ಬನಿಗೆ, ಮಗುವಿಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದ ಕೈಯನ್ನು ಅದಕ್ಕೆ ತಿಳಿಯದಂತೆ ಬಿಡುವವನೇ ಗುರು ಎಂದು ಹೊಳೆದೀತು. ಎರಡನೆಯದಾಗಿ, ಪ್ರತಿಯೊಬ್ಬನೂ ತನ್ನ ಕಾಯಕದ ಒಂದು ಸಲಕರಣೆಯನ್ನು ಹೆಸರಿಸಿ ಅದರ ಮೂಲಕವೇ ವಿಷಯವನ್ನು ಹೇಳಬೇಕು. ದರ್ಜಿಗೆ ಸೂಜಿ, ಗೃಹಿಣಿಗೆ ಒಲೆ, ಗಣಕದ ಮುಂದೆ ಕುಳಿತು ದುಡಿಯುವವನಿಗೆ ಅವನ ಯಂತ್ರ. ಮೂರನೆಯದಾಗಿ, ಮೊದಲ ಕಾಲುಗಂಟೆ ಎಲ್ಲರೂ ಮೌನವಾಗಿ, ಬೇರೆಬೇರೆಯಾಗಿ ಬರೆದುಕೊಳ್ಳಬೇಕು, ಅನಂತರವೇ ಓದಬೇಕು. ನಾಲ್ಕನೆಯದಾಗಿ, ಓದುವಾಗ ಖಂಡನೆಯಿಲ್ಲ. ಪರೀಕ್ಷೆಯು ಮುಂದಿನ ವಾರಕ್ಕೆ. ಆ ನಡುವಣ ದಿನಗಳಲ್ಲಿ ಮನಸ್ಸು ಕಾವು ಕೂರಲಿ. ಕಡೆಯದಾಗಿ, ಪರೀಕ್ಷೆಯ ದಿನ ಕೇಳಬೇಕಾದ ಪ್ರಶ್ನೆಗಳು ಎರಡು: ಈ ಮಾತು ನಿನ್ನದೋ? ಈ ಮಾತಿನಂತೆ ಒಂದು ದಿನವಾದರೂ ನಡೆದೆಯೋ?

ಎರಡನೆಯ ಪ್ರಶ್ನೆಯು ಕಠಿನವಾದುದು. ಹೊಸದೆಂಬ ಒಂದೇ ಕಾರಣಕ್ಕೆ ಯಾವ ವಿಚಾರವೂ ಒಳ್ಳೆಯದಾಗದು. ಮೋಸಕ್ಕೂ ಹೊಸ ಉಪಾಯಗಳು ಹೊಳೆಯುತ್ತವೆ. ಅವಧಾನದ ಫಲವು ಸಹೃದಯರ ಆನಂದ. ಅದು ತನ್ನಷ್ಟಕ್ಕೆ ದೊಡ್ಡದು. ವಚನಾಭ್ಯಾಸದ ಫಲವು ಬಾಳಿನ ಶುದ್ಧಿ. ಉಪಾಯಗಳನ್ನು ಅಲ್ಲಿಂದ ಕಲಿಯಬಹುದು. ಗುರಿಯನ್ನು ಇಲ್ಲಿಂದಲೇ ಪಡೆಯಬೇಕು.

ಮೊದಲು ಹೇಳಿದ ತರುಣನ ಬಳಿಗೆ ಈಗ ಹಿಂತಿರುಗಬಹುದು. ಅವನು ಕಂಠಪಾಠ ಮಾಡಿದುದು ವ್ಯರ್ಥವಲ್ಲ. ಅದು ಅವನ ಸಿದ್ಧತೆ. ಅವನಲ್ಲಿ ಶಕ್ತಿಯಿಲ್ಲವೆಂಬುದೂ ಸರಿಯಲ್ಲ. ಅವನಿಗೆ ಯಾರೂ ಕಟ್ಟೊಂದನ್ನು ಕೊಟ್ಟಿರಲಿಲ್ಲ. "ಏನಾದರೂ ಹೇಳು" ಎಂದರೆ ಬಾಯಿ ಮುಚ್ಚುತ್ತದೆ. "ಇಂದು ಬೆಳಿಗ್ಗೆ ನಿನ್ನ ಕೈ ಮೊದಲು ಮುಟ್ಟಿದ ವಸ್ತು ಯಾವುದು? ಅದರಿಂದ ಹೇಳು" ಎಂದರೆ ಬಾಯಿ ತೆರೆಯುತ್ತದೆ. ಹಿರಿಯರು ಪ್ರಶ್ನೆಯನ್ನು ಇಷ್ಟು ಬದಲಿಸಿ ನೋಡಲಿ. ಅವನು ತಡವರಿಸಿ ಆಡುವ ಆ ಮೊದಲ ಮಾತು ಒರಟಾಗಿರಬಹುದು, ಅರ್ಧವಾಗಿರಬಹುದು. ಆದರೂ ಅದು ಅವನದೇ ಮಾತು. ಒಪ್ಪಿಸಿದ ನೂರು ವಚನಗಳು ಅವನ ಬಾಳನ್ನು ಹೊಕ್ಕುವೆಂಬುದಕ್ಕೆ ಅದೇ ಮೊದಲ ಗುರುತು.